ಪೋರ್ಚುಗಲ್ಲಿಗೆ ನಾನೊಬ್ಬಳೇ ಹೋದ ಕಥೆ

ಒಬ್ಬಳೇ ಎಲ್ಲಿಗಾದರೂ ಹೋಗುತ್ತೇನೆಂದು ನಮ್ಮ ಜನರ ಮುಂದೆ ಒಮ್ಮೆ ಬಾಯಿ ಬಿಟ್ಟು ನೋಡಿ. ಆಮೇಲೆ ನೀವು ಏನೂ ಮಾಡಬೇಕಿಲ್ಲ, ಈ ಕೆಳಗಿನಂಥ ಪ್ರಸಂಗಗಳು ತಾವಾಗಿ ನಡೆಯುತ್ತಾ ಹೋಗುತ್ತವೆ.

ಷಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಈ ಹತ್ತೊಂಬತ್ತು ವರ್ಷದಲ್ಲಿ ಪಕ್ಕದೂರು ಲೈಲ್‌ನ ಆಫೀಸು ಬಿಟ್ಟರೆ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಎರಡು ಗಂಟೆ ದೂರದ ಸರೋವರ ನೋಡಲು ಹೋದರೂ ನಾಲ್ಕು ಕಾರು, ಮೂರು ಟ್ರೇ ಪುಳಿಯೋಗರೆ, ಜೊತೆಗೆ ‘ಹೈವೇಲಿ ಯಾವ ಎಕ್ಸಿಟ್ ದಾಟಿದ್ರಿ’ ಎಂಬ ಎಪ್ಪತ್ತು ಮೆಸೇಜು. ಸರೋವರ ಹೇಗಿತ್ತೆಂದು ಆಮೇಲೆ ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಪುಳಿಯೋಗರೆಗೆ ಉಪ್ಪು ಕಡಿಮೆಯಾಗಿದ್ದು ಮಾತ್ರ ಇವತ್ತಿಗೂ ಎಲ್ಲರಿಗೂ ನೆನಪಿದೆ.

ಮಗಳು ಕಾಲೇಜಿಗೆ ಹೋದ ವರ್ಷ ನಾನು ತೀರ್ಮಾನಿಸಿದೆ. ಹತ್ತು ದಿನ, ಒಂದು ಬೆನ್ನಚೀಲ, ಅಗ್ಗದ ಹಾಸ್ಟೆಲುಗಳು, ಪೋರ್ಚುಗಲ್. ನನಗಿದ್ದ ಆಸೆ ಒಂದೇ. ಈ ಹತ್ತರಲ್ಲಿ ಒಂದು ದಿನವಾದರೂ ನನ್ನನ್ನು ಯಾರೂ ವಿಚಾರಿಸಿಕೊಳ್ಳಬಾರದು.

ಗಂಡನಿಗೆ ಸಾಂತ್ವನ

ಹೆಂಗಸೊಬ್ಬಳು ಗಂಡನನ್ನು ಬಿಟ್ಟು ಯೂರೋಪಿಗೆ ಹೊರಟಳೆಂದರೆ ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಅದಕ್ಕೆ ಇನ್ನೊಂದು ಅರ್ಥವಿಲ್ಲ. ಗಂಡ ಹೆಂಡಿರ ನಡುವೆ ಸರಿಯಿಲ್ಲ, ಅಷ್ಟೇ. ಸುದ್ದಿ ಹಬ್ಬಿದ ಮೊದಲ ಶನಿವಾರವೇ ಬಡಾವಣೆಯ ಇಬ್ಬರು ಕನ್ನಡದ ಹೆಂಗಸರು ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು ಕೈ ಹಿಡಿದುಕೊಂಡರು.

“ಏನೇ ಇದ್ರೂ ಮಾತಾಡಿ ಬಗೆಹರಿಸ್ಕೊಳ್ಳಿ. ನಮ್ಮನೇಲೂ ಹೀಗೇ ಆಗಿತ್ತು.”

“ನಾನು ಊರು ನೋಡೋಕೆ ಹೋಗ್ತಿರೋದು.”

“ಹೂಂ, ನಾವೂ ಮೊದಲು ಹಾಗೇ ಹೇಳ್ತಿದ್ವಿ” ಎಂದು ಇಬ್ಬರೂ ಕಣ್ಣೊರೆಸಿಕೊಂಡರು.

ಅಷ್ಟಕ್ಕೇ ಬಿಡುವ ಜನವೇ? ಅನಾಥನಾಗಲಿರುವ ನನ್ನ ಗಂಡನಿಗೆ ಮನೆಮನೆಯಿಂದ ಡಬ್ಬಿ ಬರತೊಡಗಿತು. ಸೋಮವಾರ ಬಿಸಿಬೇಳೆಬಾತ್, ಬುಧವಾರ ಹೋಳಿಗೆ, ಶುಕ್ರವಾರ ಮದ್ದೂರು ವಡೆ. ನಾನಿನ್ನೂ ಮನೆಯಲ್ಲೇ ಇದ್ದೇನೆ, ದಿನಾ ಅಡುಗೆ ಮಾಡುತ್ತಿದ್ದೇನೆ, ಅದು ಯಾರಿಗೂ ಲೆಕ್ಕಕ್ಕಿಲ್ಲ. ಈ ಮಹಾನುಭಾವರೂ ಬಾಗಿಲು ತೆಗೆಯುವ ಮುಂಚೆ ಮುಖ ಬಾಡಿಸಿಕೊಳ್ಳುವುದನ್ನು ಬೇಗನೆ ಕಲಿತರು. ಮೂರನೇ ವಾರ ಕಾಯಿಹೋಳಿಗೆ ಮೆಲ್ಲುತ್ತಾ ನನ್ನನ್ನು ಕೇಳಿದರು, “ನಿನ್ನ ಟ್ರಿಪ್ಪು ಯುಗಾದಿ ತನಕ ಮುಂದಕ್ಕೆ ಹಾಕೋಕಾಗುತ್ತಾ?”

ಅನುಭವಿಯ ಸಲಹೆ

ನಮ್ಮ ಬೀದಿಯಲ್ಲಿ ಒಬ್ಬರು ಅಂಕಲ್ ಇದ್ದಾರೆ, ಮೈಸೂರಿನವರು, ನಿವೃತ್ತ ಎಂಜಿನಿಯರು. ಒಂಬತ್ತು ದಿನದಲ್ಲಿ ಹತ್ತು ದೇಶ ತೋರಿಸುವ ಬಸ್ಸಿನಲ್ಲಿ ಕೂತು ಬಂದ ಮೇಲೆ ಯೂರೋಪು ಅವರ ತಾತನ ಆಸ್ತಿಯಾಗಿದೆ. ನನಗೊಂದು ಬೆನ್ನಚೀಲ ಬೇಕಿತ್ತು. “ಷಿಕಾಗೋದ ಡೆವನ್ ಅವೆನ್ಯೂಗೆ ಹೋಗೋಣ, ಇಂಡಿಯನ್ ಅಂಗಡಿಗಳೆಲ್ಲ ಅಲ್ಲೇ ಇವೆ, ನನಗೆ ಅಂಗಡಿ ಗೊತ್ತು” ಎಂದು ಅವರೇ ಹೊರಟರು. ಪಾರ್ಕಿಂಗ್ ಹುಡುಕುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಉಪನ್ಯಾಸ.

“ಸ್ವಿಟ್ಜರ್ಲೆಂಡಲ್ಲಿ ಏನು ನೋಡಿದ್ರಿ ಅಂಕಲ್?” ಎಂದು ಸುಮ್ಮನಿರಲಾರದೆ ಕೇಳಿದೆ.

“ಅಲ್ಲಿ ಬಫೆ ಬಹಳ ಚೆನ್ನಾಗಿತ್ತಮ್ಮ. ಮೊಸರನ್ನ ಇಟ್ಟಿದ್ದ.”

“ಬೆಟ್ಟ?”

“ಬೆಟ್ಟಾನೂ ಇತ್ತು. ಬಫೆ ಎದುರಿಗೇ.”

ಅಂಗಡಿಯಲ್ಲಿ ನಾನು ಆರಿಸಿದ ಚೀಲವನ್ನು ಅಂಕಲ್ ಎರಡು ಬೆರಳಲ್ಲಿ ಎತ್ತಿ ನೋಡಿ, ಇದು ಮಕ್ಕಳ ಸ್ಕೂಲಿಗೆ ಸರಿ ಎಂದರು. ಅಂಗಡಿಯವನೂ ಅವರ ಕಡೆಯೇ. ಇಬ್ಬರೂ ಸೇರಿ ನಾಲ್ಕು ಚಕ್ರದ ಕೆಂಪು ಸೂಟ್‌ಕೇಸೊಂದನ್ನು ಅಂಗಡಿ ತುಂಬಾ ಓಡಿಸಿ ತೋರಿಸಿದರು. ನಾನು ಹಟ ಹಿಡಿದು ಚೀಲವನ್ನೇ ಕೊಂಡೆ. ಅಂಕಲ್ ಕೆಂಪು ಸೂಟ್‌ಕೇಸು ಕೊಂಡರು. ಅವರು ಎಲ್ಲಿಗೋ ಹೋಗುವುದಿತ್ತೆಂದಲ್ಲ, ಅಷ್ಟು ಹೊಗಳಿದ ಮೇಲೆ ಬಿಟ್ಟು ಬರಲು ಅವರಿಗೆ ನಾಚಿಕೆಯಾಯಿತು.

ಡೆಟ್ರಾಯ್ಟ್ ಏರ್‌ಪೋರ್ಟಿನಲ್ಲಿ

ಟಿಕೆಟ್ಟು ಡೆಟ್ರಾಯ್ಟಿನಿಂದ ಅಗ್ಗವಿತ್ತು. ಅಲ್ಲಿ ನನ್ನ ಅಕ್ಕನ ಮನೆ ಇದೆ. ಹಿಂದಿನ ದಿನ ಬಸ್ಸಿನಲ್ಲಿ ಹೋಗಿ ಇಳಿದೆ. ನನ್ನ ಚೀಲವನ್ನು ನೋಡಿದ ಅಕ್ಕ “ಇಷ್ಟೇನಾ?” ಎಂದಳು. ಆ ಪ್ರಶ್ನೆ ಕೇಳಿದಾಗಲೇ ನಾನು ಓಡಿಹೋಗಬೇಕಿತ್ತು.

ಬೆಳಗ್ಗೆ ಎದ್ದು ನೋಡಿದರೆ ಚೀಲ ಮಳೆಗಾಲದ ಕಪ್ಪೆಯಂತೆ ಊದಿಕೊಂಡಿದೆ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಗೊಜ್ಜವಲಕ್ಕಿ, ಮೆಣಸಿನಪುಡಿ, ಪುಟ್ಟದೊಂದು ರೈಸ್ ಕುಕ್ಕರು. ನನ್ನ ಬಟ್ಟೆಯಲ್ಲಿ ಅರ್ಧ ಅಕ್ಕನ ಅಲ್ಮೆರಾ ಸೇರಿದೆ. “ಹತ್ತು ದಿನಕ್ಕೆ ಅಷ್ಟೊಂದು ಬಟ್ಟೆ ಯಾಕೆ, ಊಟ ಮುಖ್ಯ” ಎಂದು ಅಕ್ಕ ತೀರ್ಪು ಕೊಟ್ಟಳು. ಮುಟ್ಟಲು ಹೋದರೆ ಕೈ ಮೇಲೊಂದು ಕೊಟ್ಟಳು. ನನಗೆ ನಲವತ್ತೊಂಬತ್ತು ವರ್ಷ.

ಏರ್‌ಪೋರ್ಟಿನ ಕೌಂಟರಿನಲ್ಲಿದ್ದಾತ ರೂಢಿಯ ಪ್ರಶ್ನೆ ಕೇಳಿದ. “ಈ ಚೀಲ ನೀವೇ ಪ್ಯಾಕ್ ಮಾಡಿದ್ದಾ?”

ಲೋಕದಲ್ಲಿ ಎಲ್ಲರೂ ಇದಕ್ಕೆ ಹೌದು ಎನ್ನುತ್ತಾರೆ. ನನಗೋ ಅಕ್ಕನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. “ಇಲ್ಲ” ಎಂದೆ, “ಮುಟ್ಟೋಕೂ ಬಿಡಲಿಲ್ಲ.”

ಇನ್ನಿಬ್ಬರು ಬಂದರು. ಎಲ್ಲವನ್ನೂ ಮೇಜಿನ ಮೇಲೆ ಹರಡಿದರು. ಒಬ್ಬ ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ತಂದ. ಅದು ಮೆಣಸಿನಪುಡಿ. ಅವನು ಹದಿನೇಳು ಸಲ ಸೀನಿದ್ದನ್ನು ನಾನು ಎಣಿಸಿದೆ. ಮುಂದೆ ಎಣಿಸುವ ಧೈರ್ಯವಾಗಲಿಲ್ಲ. ವಿಮಾನ ತಪ್ಪುತ್ತದೆಂದು ನಾನು ಗಡಿಯಾರ ನೋಡುತ್ತಿದ್ದರೆ, ಹಗ್ಗದ ಆಚೆಯಿಂದ ಅಕ್ಕ ಕೂಗಿದಳು, “ಅದನ್ನ ಬರೀ ಮೂಸಿದ್ರೆ ಏನು ಗೊತ್ತಾಗುತ್ತೆ? ಸ್ವಲ್ಪ ಅನ್ನ ತುಪ್ಪದ ಜೊತೆ ತಿನ್ನೋಕೆ ಹೇಳೇ!”

ಮೆಣಸಿನ ಊರು

ಲಿಸ್ಬನ್ನಿನಲ್ಲಿ ಎಂಟು ಹಾಸಿಗೆಯ ಕೋಣೆ. ಉಳಿದ ಏಳು ಹಾಸಿಗೆಯಲ್ಲಿ ಇಪ್ಪತ್ತೆರಡರ ಹುಡುಗ ಹುಡುಗಿಯರು, ಎಲ್ಲರೂ ತಮ್ಮನ್ನು ತಾವು ಹುಡುಕಿಕೊಳ್ಳಲು ಬಂದವರು. ಕಾಲುಚೀಲ ಎಲ್ಲಿ ಬಿಟ್ಟೆವೆಂದು ಹುಡುಕಿಕೊಳ್ಳಲಾಗದವರು.

ಕಾಸಿಲ್ಲದೆ ಊರು ತೋರಿಸುವ ಗೈಡೊಬ್ಬನ ಹಿಂದೆ ನಾನೂ ಹೋದೆ. ನಮ್ಮವರು ಮೆಣಸು ಹುಡುಕಿಕೊಂಡು ಇಂಡಿಯಾವರೆಗೆ ಹಡಗು ನಡೆಸಿದರು ಎಂದು ಅವನು ಎದೆಯುಬ್ಬಿಸಿದ. ಮಧ್ಯಾಹ್ನ ಅವನೇ ಮೆಚ್ಚಿ ತೋರಿಸಿದ ಹೋಟೆಲಿನಲ್ಲಿ ಸೂಪು ಕುಡಿದೆ. ಬಿಸಿನೀರಿಗೆ ಆಲೂಗಡ್ಡೆ ಅದ್ದಿ ತೆಗೆದ ಹಾಗಿತ್ತು. “ಅಷ್ಟು ದೂರ ಬಂದು ಮೆಣಸು ಹೊತ್ತುಕೊಂಡು ಹೋದಿರಲ್ಲ, ಅದನ್ನ ಏನು ಮಾಡಿದಿರಿ?” ಎಂದು ಕೇಳಿಯೇಬಿಟ್ಟೆ. ಅವನು ಸ್ವಲ್ಪ ಯೋಚಿಸಿ, “ಮಾರಿಬಿಟ್ಟೆವು” ಎಂದ.

ಆ ದಿನವೇ ಒಂದು ಹಳೆಯ ಚರ್ಚಿನಲ್ಲಿ ನಿಂತಿದ್ದಾಗ ಫೋನು ಬಡಿದುಕೊಂಡಿತು. ಅಕ್ಕ. ನನ್ನ ಲೊಕೇಶನ್ನು ತನ್ನ ಫೋನಿನಲ್ಲಿ ಕಾಣುವಂತೆ ಹೊರಡುವ ಮುಂಚೆಯೇ ಮಾಡಿಕೊಂಡಿದ್ದಳು.

“ಏನೇ, ನಲವತ್ತು ನಿಮಿಷದಿಂದ ಒಂದೇ ಕಡೆ ನಿಂತಿದೀಯ?”

“ಚರ್ಚ್ ನೋಡ್ತಿದೀನಿ, ಅಕ್ಕ.”

“ನೋಡಿದ್ದು ಸಾಕು, ಮುಂದಕ್ಕೆ ನಡಿ. ನನಗೆ ಆಫೀಸಲ್ಲಿ ಕೆಲಸ ಮಾಡೋಕಾಗ್ತಿಲ್ಲ.”

ಒಂದು ದಿನದ ಏಕಾಂತ

ಇದಾದ ಮೇಲೆ ನಾನು ಗಟ್ಟಿ ಮನಸ್ಸು ಮಾಡಿದೆ. ಪೋರ್ಟೋ ಊರಿಗೆ ಹೋದ ಮಾರನೆಯ ದಿನ, ಶನಿವಾರ ಬೆಳಗ್ಗೆ, ಫೋನ್ ಆರಿಸಿ ಚೀಲದ ತಳಕ್ಕೆ, ಗೊಜ್ಜವಲಕ್ಕಿಯ ಕೆಳಗೆ ತುರುಕಿ ಹೊರಟೆ. ಹೊಳೆಯ ದಂಡೆ, ಹಳೆಯ ಸೇತುವೆ, ನೀಲಿ ಹೆಂಚಿನ ಗೋಡೆಗಳು. ಒಂದು ಬನ್ನು ತಿಂದು ದಿನವಿಡೀ ಅಲೆದೆ. ಎಲ್ಲಿದೀಯ ಎಂದು ಯಾರೂ ಕೇಳಲಿಲ್ಲ. ಎಷ್ಟು ಸಂತೋಷವಾಯಿತೆಂದರೆ ದಾರಿಯಲ್ಲಿ ಒಬ್ಬಳೇ ನಕ್ಕೆ.

ಸಂಜೆ ಆರಕ್ಕೆ ಹಾಸ್ಟೆಲಿಗೆ ಬಂದರೆ ಕೌಂಟರಿನ ಹೆಂಗಸು ಎದ್ದು ನಿಂತಳು.

“ಮೇಡಂ, ನೀವು ನಿಮ್ಮ ದೇಶದಲ್ಲಿ ಮಂತ್ರಿಯಾ?”

“ಯಾಕೆ?”

“ಮಧ್ಯಾಹ್ನದಿಂದ ನಿಮಗೆ ಹನ್ನೊಂದು ಫೋನು. ಎಲ್ಲರದೂ ಒಂದೇ ಪ್ರಶ್ನೆ, ನಿಮ್ಮ ಊಟ ಆಯಿತಾ ಅಂತ.”

ಅಕ್ಕನಿಗೆ ಕೊಟ್ಟಿದ್ದ ಹಾಸ್ಟೆಲಿನ ನಂಬರು ಊರೆಲ್ಲ ಹರಡಿತ್ತು. ಅವಳು ಚೀಟಿಯಲ್ಲಿ ಬರೆದಿಟ್ಟಿದ್ದಳು. ಅಕ್ಕ ಮೂರು ಸಲ, ನನ್ನ ಗಂಡ ಒಂದು ಸಲ, ಅಂಕಲ್, ಕಣ್ಣೊರೆಸಿಕೊಂಡ ಇಬ್ಬರು ಹೆಂಗಸರು. ಉಳಿದ ನಾಲ್ವರು ಯಾರೆಂದು ನನಗೇ ತಿಳಿಯಲಿಲ್ಲ. ಅದರಲ್ಲೊಬ್ಬ ಒಹಾಯೋದವನಂತೆ.

“ನೀವೇನು ಹೇಳಿದಿರಿ?”

“ಊಟ ಆಗಿದೆ ಅಂದುಬಿಟ್ಟೆ. ಇಲ್ಲ ಅಂದರೆ ಇನ್ನೂ ಎಷ್ಟು ಜನ ಕೇಳುತ್ತಾರೋ ಅಂತ ಭಯವಾಯಿತು.”

ಇಷ್ಟು ದೊಡ್ಡ ಮನುಷ್ಯರನ್ನು ಇಲ್ಲಿನ ಎಂಟು ಹಾಸಿಗೆಯ ಕೋಣೆಯಲ್ಲಿ ಮಲಗಿಸುವುದು ಚೆನ್ನಾಗಿರುವುದಿಲ್ಲವೆಂದು ಹಾಸ್ಟೆಲಿನವರೇ ಮಾತಾಡಿಕೊಂಡು, ಅದೇ ಬಾಡಿಗೆಗೆ ಮೇಲಿನ ಒಂಟಿ ಕೋಣೆ ಕೊಟ್ಟರು. ನಾನು ಬೇಡವೆನ್ನಲಿಲ್ಲ. ಮಂತ್ರಿಯಲ್ಲವೆಂದೂ ಹೇಳಲಿಲ್ಲ.

ಬಾಗಿಲು ಹಾಕಿಕೊಂಡೆ. ಒಂದು ಹಾಸಿಗೆ, ಒಂದು ಕುರ್ಚಿ, ಕಿಟಕಿಯಾಚೆ ಹೊಳೆ. ಹತ್ತೊಂಬತ್ತು ವರ್ಷದ ಆಸೆ ಈಡೇರಿತ್ತು. ಹತ್ತು ನಿಮಿಷ ಕೂತೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಫೋನ್ ಆನ್ ಮಾಡಿ ಎದುರಿಗಿಟ್ಟುಕೊಂಡೆ. ಬೈಗುಳ ಬರಬೇಕಲ್ಲ, ಉತ್ತರವನ್ನೂ ಸಿದ್ಧ ಮಾಡಿಕೊಂಡೆ. ಅರ್ಧ ಗಂಟೆಯಾದರೂ ಹೊಸದಾಗಿ ಒಂದು ಕರೆಯಿಲ್ಲ, ಒಂದು ಮೆಸೇಜಿಲ್ಲ. ನನ್ನ ಊಟವಾಯಿತೆಂದು ಗೊತ್ತಾದ ಕೂಡಲೇ ಷಿಕಾಗೋದಿಂದ ಡೆಟ್ರಾಯ್ಟಿನವರೆಗೆ ಒಬ್ಬರಿಗೂ ನಾನು ಬೇಕಾಗಿರಲಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ, ನಾನೇ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕ, ನಾನು ಕಣೇ.”

“ಊಟ ಆಯ್ತಂತಲ್ಲ, ಇನ್ನೇನು?” ಎಂದಳು ಅಕ್ಕ, ಬಾಯಲ್ಲಿ ತುತ್ತಿಟ್ಟುಕೊಂಡೇ. “ನಾವಿಲ್ಲಿ ಊಟಕ್ಕೆ ಕೂತಿದೀವಿ. ಫೋನ್ ಇಡ್ಲಾ?”