ಎರಡು ಪೆಟ್ಟಿಗೆ, ಒಂದು ಎದೆಯ ಚಿತ್ರ

ಎರಡು ಯಂತ್ರ ಇಟ್ಟರೆ ತಾಪತ್ರಯ ಅರ್ಧವಾಗುತ್ತದೆ ಎನ್ನುವವರು ಎಂದೂ ಎರಡು ಯಂತ್ರ ಇಟ್ಟವರಲ್ಲ. ನಾನು ಬೆಳಗಾವಿಯಲ್ಲಿ ಸರ್ವರ್‌ಗಳ ಯೋಗಕ್ಷೇಮ ನೋಡಿಕೊಳ್ಳುವವಳು. ಯಂತ್ರ ಕೆಡುವುದು ಅಪರೂಪ; ಅದರ ಸುತ್ತ ಏನಾದರೊಂದು ನಡೆಯುವುದು ಮಾತ್ರ ನಿತ್ಯದ ಕಥೆ. ಇಲ್ಲಿರುವುದೆಲ್ಲ ಒಬ್ಬರೇ ಡಾಕ್ಟರರ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಡೆದದ್ದು.

೧. ಸತ್ತದ್ದು ಖಾತ್ರಿಯೇ?

ಡಾಕ್ಟರರ ಸೆಂಟರು ಬೆಳಗಾವಿಯಲ್ಲಿ, ಶಾಖೆ ಖಾನಾಪುರದಲ್ಲಿ. ಒಮ್ಮೆ ಅವರ ಡಿಸ್ಕ್ ಕೆಟ್ಟು, ನಂದಗಡದ ಅಜ್ಜಿಯೊಬ್ಬಳ ಎದೆಯ ಹಳೆಯ ಚಿತ್ರ ಹೋಗಿಬಿಟ್ಟಿತು. ಹಳೆಯದು ಇಲ್ಲದಿದ್ದರೆ ಶ್ವಾಸಕೋಶದ ಕಲೆ ಬೆಳೆದಿದೆಯೋ ಕರಗಿದೆಯೋ ಹೇಳುವುದು ಹೇಗೆ? ಪಾಪ, ಅಜ್ಜಿ ಹೊಸದಾಗಿ ಚಿತ್ರ ತೆಗೆಸಿ ಮತ್ತೆ ಕಾಯಬೇಕಾಯಿತು.

"ನಿನ್ನ ಚಿತ್ರ ಕಳದೈತಿ ಅಂತ ಇನ್ನೊಮ್ಮೆ ಯಾರಿಗೂ ಹೇಳಾಕ ನನ್ನ ಕಡಿಂದ ಆಗೂದಿಲ್ರಿ ಮೇಡಂ," ಎಂದರು ಡಾಕ್ಟರು, ನೆಲ ನೋಡುತ್ತ.

ಯಾರಿಗೂ ಲೈಸೆನ್ಸ್ ಕೇಳಬೇಕಿಲ್ಲದ, ಮುಕ್ತ ತಂತ್ರಾಂಶದ ಯುನಿಕ್ಸ್ ವ್ಯವಸ್ಥೆ ಹಾಕಿದ ಎರಡು ಸರ್ವರ್ ಪೆಟ್ಟಿಗೆ ಕೂರಿಸಿದೆ. ಒಂದು ಇಲ್ಲಿ, ಒಂದು ಖಾನಾಪುರದಲ್ಲಿ. ಇಲ್ಲಿ ಬರೆದದ್ದು ಅಲ್ಲೂ ಬರೆಯಲ್ಪಡುತ್ತದೆ. ಇದು ಬಿದ್ದರೆ ಅದು ಕೆಲಸ ಹಿಡಿಯುತ್ತದೆ.

"ಬರೋಬ್ಬರಿ," ಎಂದರು ಡಾಕ್ಟರು. "ಆದ್ರ ಇಲ್ಲಿದು ಸತ್ತೈತಿ ಅಂತ ಅದಕ್ಕ ಹೆಂಗ ಗೊತ್ತಾಗತೈತ್ರಿ?"

"ಎರಡೂ ಒಂದಕ್ಕೊಂದು ಎದೆಬಡಿತ ಕಳಿಸಿಕೋತ ಇರ್ತಾವ್ರಿ. ಬಡಿತ ನಿಂತ್ರ ಸತ್ತಂಗ."

ಡಾಕ್ಟರರ ಮುಖ ಅರಳಿತು. ಇದು ಅವರಿಗೆ ಗೊತ್ತಿದ್ದ ಭಾಷೆ. "ನಡುವಿನ ಲೈನ್ ಕಟ್ಟಾಗಿ ಬಡಿತ ಕೇಳದಿದ್ರ? ಜೀವ ಇದ್ದದ್ದನ್ನ ಸತ್ತೈತಿ ಅಂದಂಗ ಆಗಲಿಲ್ಲೇನು?"

"ಸಂಶಯ ಬಂದ್ರ ಖಾನಾಪುರದ ಪೆಟ್ಟಿಗಿ ಬ್ಯಾರೆ ಲೈನಿನಿಂದ ಇಲ್ಲಿ ಪೆಟ್ಟಿಗಿ ಕರೆಂಟ್ ತಗದುಬಿಡತೈತ್ರಿ. ಎರಡೂ ನಾನ ಯಜಮಾನ ಅಂತ ಕುಂತ್ರ ಚಿತ್ರ ಎಲ್ಲಾ ಕಲಸಿ ಹೋಗ್ತಾವು."

"ಅಂದ್ರ, ಸತ್ತದ್ದು ಖಾತ್ರಿ ಇಲ್ಲಂದ್ರ ಕೊಂದು ಖಾತ್ರಿ ಮಾಡ್ಕೋತೈತಿ."

"ಹೂಂರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಪದ್ಧತಿ ಛಲೋ ಐತಿ. ನಮ್ಮ ಧಂದೇದಾಗ ಇದಕ್ಕ ಪರವಾನಗಿ ಇಲ್ಲ ನೋಡ್ರಿ."

೨. ಖಾನಾಪುರದ ಹೂಂ

ಮೊದಲು ನಾನು ಕಟ್ಟುನಿಟ್ಟಿನ ಏರ್ಪಾಡು ಮಾಡಿದ್ದೆ. ಖಾನಾಪುರದ ಪೆಟ್ಟಿಗೆ "ಹೂಂ, ಬರೆದುಕೊಂಡೆ" ಎನ್ನುವವರೆಗೆ ಬೆಳಗಾವಿಯ ಪೆಟ್ಟಿಗೆ ಚಿತ್ರ ಉಳಿಯಿತೆಂದು ಒಪ್ಪುವುದಿಲ್ಲ. ಡಾಕ್ಟರರ ಮಾತು ಉಳಿಯಬೇಕಲ್ಲ.

ಅಷ್ಟರಲ್ಲಿ ಖಾನಾಪುರದ ದಾರಿಯಲ್ಲಿ, ದೇಸೂರಿನ ಹತ್ತಿರ, ರಸ್ತೆ ಅಗೆದರು. ಎರಡು ಪೆಟ್ಟಿಗೆಗಳ ನಡುವಿನ ಲೈನು ಪೂರ್ತಿ ಸಾಯಲೂ ಇಲ್ಲ, ನೆಟ್ಟಗೆ ಬದುಕಲೂ ಇಲ್ಲ. ಒಂದೊಂದು ಚಿತ್ರಕ್ಕೂ ಪರದೆಯ ಮೇಲೆ ಚಕ್ರ ತಿರುಗಿದ್ದೇ ತಿರುಗಿದ್ದು. ಬಾಗಿಲ ತನಕ ರೋಗಿಗಳ ಸಾಲು. ರಿಸೆಪ್ಶನಿನ ಹೆಣ್ಣುಮಗಳು ಕಾರಣ ಕೇಳಿದಳು, ಹೇಳಿದೆ.

"ಥೇಟ್ ನಮ್ಮ ಮನಿ ಆತಲ್ರಿ," ಎಂದಳು. "ನಮ್ಮ ಮನಿಯವರ ಅಕ್ಕ ಖಾನಾಪುರದಾಗ ಅದಾರ. ಅವರು ಹೂಂ ಅನ್ನೂತನಕಾ ನಮ್ಮ ಮನ್ಯಾಗ ಕಿಡಕಿ ಪಡದಾ ಸೈತ ಬದಲಾಗೂದಿಲ್ಲ."

ಡಾಕ್ಟರರ ಜೊತೆ ಕೂತು ಯೋಚಿಸಿದೆ. ಮೊದಲು ಇಲ್ಲಿ ಬರೆದುಕೊಂಡು, ಆಮೇಲೆ ಖಾನಾಪುರಕ್ಕೆ ತಿಳಿಸುವ ಪದ್ಧತಿಯೂ ಇದೆ. ನಡುವೆ ಇಲ್ಲಿಯ ಪೆಟ್ಟಿಗೆ ಕೆಟ್ಟರೆ ಕೊನೆಯ ಒಂದೆರಡು ಚಿತ್ರ ಹೋಗಬಹುದು. ಆದರೆ ಆ ರೋಗಿಗಳು ಇನ್ನೂ ಇಲ್ಲೇ ಬೆಂಚಿನ ಮೇಲಿರುತ್ತಾರೆ, ಇನ್ನೊಮ್ಮೆ ತೆಗೆದರಾಯಿತು. ಡಾಕ್ಟರು ಒಪ್ಪಿದರು. ಸಾಲು ಕರಗಿತು.

"ಈಗ ಏನ್ ಮಾಡಿದ್ರಿ ಮೇಡಂ?" ಎಂದಳು ರಿಸೆಪ್ಶನಿನವಳು.

"ಮೊದಲ ಕೆಲಸಾ ಮುಗಸೂದು, ಆಮ್ಯಾಲ ಖಾನಾಪುರಕ್ಕ ಹೇಳೂದು."

ಆಕೆ ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು. "ಇದನ್ನ ನಮ್ಮ ಮನಿಗೂ ಒಂದು ಹಾಕಿ ಕೊಡ್ರಿ."

೩. ಖಂಡೇಪೂಜೆ

ದಸರೆಯ ನವಮಿ, ಆಯುಧಗಳಿಗೆ ಖಂಡೇಪೂಜೆ ಮಾಡುವ ದಿನ, ಡಾಕ್ಟರರ ಫೋನು. ಯಾವ ಚಿತ್ರವೂ ತೆರೆಯುತ್ತಿಲ್ಲ. ಹೋಗಿ ನೋಡಿದರೆ ಪೆಟ್ಟಿಗೆ ಆಫ್ ಆಗಿದೆ, ಮೈತುಂಬ ಅರಿಶಿನ ಕುಂಕುಮ, ತಲೆಯ ಮೇಲೆ ಚೆಂಡುಹೂವಿನ ಮಾಲೆ.

"ಖಾನಾಪುರದ್ದು ನಡದಿರತೈತಲ್ರಿ," ಎಂದಳು ರಿಸೆಪ್ಶನಿನವಳು. "ಅದಕ್ಕ ಇದನ್ನ ಪೂಜಾಕ್ಕ ಕುಂದರಿಸೇನಿ."

ಖಾನಾಪುರಕ್ಕೆ ಫೋನು ಹಚ್ಚಿದೆ. ಅಲ್ಲಿಯ ಟೆಕ್ನಿಶಿಯನ್ ನಿಶ್ಚಿಂತೆಯಿಂದ ಹೇಳಿದ, "ಬೆಳಗಾವಿದು ಚಾಲೂ ಐತೆಲ್ರಿ ಮೇಡಂ. ನಮ್ಮದು ಪೂಜಾಕ್ಕ ಕುಂತೈತಿ."

ಪೂಜೆಗಿಟ್ಟ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟಬಾರದೆಂದು ಇಬ್ಬರ ಹಟ. ಕೊನೆಗೆ ಡಾಕ್ಟರೇ ಪೆಟ್ಟಿಗೆಗೆ ಕೈಮುಗಿದು, ತಪ್ಪಾಯಿತೆಂದು ಹೇಳಿ, ಬಟನ್ ಒತ್ತಿದರು. ಈಗ ಪೂಜೆಯೂ ಪಾಳಿಯ ಮೇಲೆ ನಡೆಯುತ್ತದೆ. ಬೆಳಿಗ್ಗೆ ಖಾನಾಪುರದ್ದಕ್ಕೆ, ಅದು ಎದ್ದು ಕೆಲಸ ಹಿಡಿದ ಮೇಲೆ ಬೆಳಗಾವಿಯದಕ್ಕೆ. ಎರಡೂ ಕಡೆ ಹೋಗಿ ಬರುವ ಡ್ರೈವರನಿಗೆ ಮಾತ್ರ ಈ ವ್ಯವಸ್ಥೆಯ ನಿಜವಾದ ಲಾಭ: ಸಜ್ಜಕದ ಪ್ರಸಾದ ಎರಡು ಸಲ.

೪. ಹೇಳಿದ ಮಾತು ಕೇಳುವ ಪೆಟ್ಟಿಗೆ

ಔಷಧಿ ಮುಗಿಸಿ, ಹೊಸ ಚಿತ್ರ ತೆಗೆಸಲು ಅದೇ ನಂದಗಡದ ಅಜ್ಜಿ ಬಂದಳು. ನಾನೂ ಬೇರೇನೋ ಕೆಲಸಕ್ಕೆ ಅಲ್ಲೇ ಇದ್ದೆ. ಹೊಸದು ತೆಗೆದಾದ ಮೇಲೆ ಡಾಕ್ಟರು ಹಿಂದಿನ ಸಲ ತೆಗೆಸಿದ್ದ ಚಿತ್ರ ಹುಡುಕಿದರು. ಇಲ್ಲ. ಖಾನಾಪುರದ ಪೆಟ್ಟಿಗೆಯಲ್ಲಿ ನೋಡಿಸಿದರು. ಅಲ್ಲೂ ಇಲ್ಲ.

"ಮೇಡಂ, ಈ ಆಯಿ ಚಿತ್ರ ಮತ್ತ ಹೋಗೇತಿ," ಎಂದರು.

ರಿಸೆಪ್ಶನಿನವಳು ಎದ್ದು ಬಂದಳು. "ಡಿಸ್ಕ್ ತುಂಬೇತಿ ಅಂತ ಬರಾಕ ಹತ್ತಿತ್ರಿ. ಖಾನಾಪುರದಾಗ ಹೆಂಗೂ ಒಂದು ಪ್ರತಿ ಐತೆಲ್ಲಾ ಅಂತ ಇವತ್ತ ಮುಂಜಾನೆ ಇಲ್ಲಿ ಹಳೇವನ್ನೆಲ್ಲ ಅಳಿಸಿದ್ನಿರಿ."

ಇಲ್ಲಿ ಬರೆದದ್ದನ್ನು ಅಲ್ಲಿ ಬರೆಯುವ ಪೆಟ್ಟಿಗೆ, ಇಲ್ಲಿ ಅಳಿಸಿದ್ದನ್ನು ಅಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸಿತ್ತು. ಯಂತ್ರ ಸಾಯುತ್ತದೆಂದು ಎಲ್ಲರಿಗೂ ಭಯ. ಅದು ಹೇಳಿದ ಮಾತು ಕೇಳುತ್ತದೆಂದು ಯಾರೂ ಹೆದರುವುದಿಲ್ಲ.

"ಏನಾತ್ರಿ?" ಎಂದಳು ಅಜ್ಜಿ. ಡಾಕ್ಟರು ಏನೂ ಮುಚ್ಚಿಡದೆ ಹೇಳಿದರು. ಅಜ್ಜಿ ಕೇಳಿದಳು:

"ಇಲ್ಲಿ ಅಳಿಸಿದ್ರ ಖಾನಾಪುರದಾಗಿಂದೂ ಹೋಗತೈತಿ?"

"ಹೂಂ, ಆಯಿ."

"ಹಂಗಾದ್ರ ಅಸಲಿ ಕಲೆ ನನ್ನ ಎದಿಯಾಗ ಐತೆಲ್ಲ. ಆ ತಂತಿ ನನಗೂ ಜೋಡಿಸಿ ಅಳಸ್ರಿ."

ನನಗೊಂದೇ ಆಸರೆಯಿತ್ತು. ಪೆಟ್ಟಿಗೆ ಗಂಟೆಗೊಮ್ಮೆ ತನ್ನ ಆಗಿನ ಸ್ಥಿತಿಯನ್ನು ಇದ್ದಂತೆಯೇ ಎತ್ತಿಡುವ ಹಾಗೆ ಮಾಡಿದ್ದೆ. ಆಮೇಲೆ ಯಾರು ಏನು ಅಳಿಸಿದರೂ ಅದಕ್ಕೆ ತಾಗುವುದಿಲ್ಲ. ಅಳಿಸುವ ಮುಂಚಿನ ಸ್ಥಿತಿಯನ್ನು ತೆರೆದೆ. ಅಜ್ಜಿಯ ಚಿತ್ರ ಅಲ್ಲಿತ್ತು.

ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. "ಆಯಿ, ಎದಿಯಾಗಿನ ಕಲೆ ಅರ್ಧಕ್ಕರ್ಧ ಕರಗೇತಿ," ಎಂದರು. ರಿಸೆಪ್ಶನಿನವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಾಕ್ಟರು ನನ್ನ ಕಡೆ ಕೈ ತೋರಿಸಿ, "ಅಳಿಸಿ ಹೋದದ್ದನ್ನ ವಾಪಸ್ ತಂದವರು ಇವರು," ಎಂದರು.

ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ಭಾಳ ಶಾಣ್ಯಾಕಿ ಅದಿ ಯವ್ವಾ. ಆದ್ರ ಈಗ ಕರಗಿ ಹ್ವಾದ ಅರ್ಧ ಐತೆಲ್ಲ, ಅದನ್ನ ಮಾತ್ರ ವಾಪಸ್ ತರಬ್ಯಾಡ."