ಕಡ್ಡಿ ಗೀರಬೇಡಿ ಎಂದು ಊರೂರು ಸುತ್ತಿದ್ದು

ಹವಾಮಾನ ಬದಲಾವಣೆಯ ಬಗ್ಗೆ ಜನರಿಗೆ ತಿಳಿವಳಿಕೆ ಕೊಡುವ ಕೆಲಸಕ್ಕೆ ಸೇರಿದ ಮೇಲೆ, ನನಗೇ ತಿಳಿವಳಿಕೆ ಬರದ ದಿನವಿಲ್ಲ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ನನ್ನ ಪಾಲಿಗೆ. ಕೊಯ್ಲಾದ ಹೊಲಕ್ಕೆ ಬೆಂಕಿ ಹಾಕುವುದನ್ನು ಒಂದು ಊರಾದರೂ ಈ ವರ್ಷ ನಿಲ್ಲಿಸಬೇಕು, ಇಲ್ಲದಿದ್ದರೆ ಕಾರ್ಯಕ್ರಮವೇ ಬಂದ್ ಎಂದು ಮೇಲಿನ ಅಧಿಕಾರಿ ಹೇಳಿದ್ದರು. ನಾನೂ ಹಟಮಾರಿ ಹೆಂಗಸು. ನಿಲ್ಲಿಸಿಯೇ ತೀರುತ್ತೇನೆ ಅಂದುಕೊಂಡೆ.

ಕರಡಿ

ಮೊದಲ ಸಭೆ ತಾಳಗುಂದದ ಹತ್ತಿರದ ಒಂದು ಊರಲ್ಲಿ. ಮಂಜು ಕರಗಿ ನೆಲೆ ಕಳೆದುಕೊಂಡ ಬಿಳಿ ಕರಡಿಯ ಚಿತ್ರ ತೋರಿಸಿದೆ. ಊರಿನ ದೊಡ್ಡ ರೈತರೊಬ್ಬರು ಚಿತ್ರವನ್ನೇ ದಿಟ್ಟಿಸಿ ನೋಡಿದರು. ಪರವಾಗಿಲ್ಲ, ಮನಸ್ಸಿಗೆ ತಟ್ಟಿದೆ ಅಂದುಕೊಂಡೆ.

"ಕರಡಿ ಕಡಿಮೆ ಆದ್ರ ಒಳ್ಳೇದಲ್ಲೇನ್ರೀ?" ಅಂದರು ಅವರು. "ನಮ್ಮ ಮೆಕ್ಕೆಜೋಳಕ್ಕ ಬರೋವು ಸಾಲಂಗಿಲ್ಲೇನು?"

ಎಣ್ಣೆ

ಕರಡಿಯನ್ನು ಅಲ್ಲಿಗೇ ಬಿಟ್ಟು ಸೊರಬದ ಕಡೆ ಹೋದೆ. ಕ್ಯಾಸನೂರಿನ ಸುತ್ತಮುತ್ತ ಚೀಲ ಹೆಗಲಿಗೇರಿಸಿ ಬಂದವರೆಲ್ಲ ಆರೋಗ್ಯ ಇಲಾಖೆಯವರೇ ಎಂಬುದು ಜನರ ಲೆಕ್ಕ. ಕಾಡಿಗೆ ಹೋಗುವಾಗ ಮಂಗನ ಕಾಯಿಲೆಯ ಜ್ವರ ಹರಡುವ ಉಣ್ಣೆ ಕಚ್ಚದಂತೆ ಕೈಕಾಲಿಗೆ ಹಚ್ಚಲು ಎಣ್ಣೆ ಕೊಡುತ್ತಾರಲ್ಲ, ಅವರು. ಅದು ನನ್ನ ತಲೆಗೆ ಹೊಳೆಯಲಿಲ್ಲ. ಭೂಮಿಗೆ ಜ್ವರ ಬಂದಿದೆ ಎಂದು ಶುರು ಮಾಡಿದೆ. ಯಾರೂ ಮಿಸುಕಲಿಲ್ಲ. ಇಷ್ಟು ಶ್ರದ್ಧೆಯಿಂದ ನನ್ನ ಮಾತು ಕೇಳಿದ ಊರು ಇನ್ನೊಂದಿಲ್ಲ.

ಮುಗಿಸಿ ನೋಡಿದರೆ ಎಲ್ಲರೂ ಖಾಲಿ ಬಾಟಲಿ ಹಿಡಿದು ಸಾಲಾಗಿ ನಿಂತಿದ್ದರು. ಎಣ್ಣೆ ತಂದಿಲ್ಲ ಎಂದೆ.

ಮುಂದಿದ್ದ ಅಜ್ಜಿಗೆ ಬೇಜಾರಾಯಿತು. "ಎಂಥ ಮಾರಾಯ್ತಿ, ಜ್ವರ ಉಂಟು ಅಂತ ಹೆದರಿಸ್ಲಿಕ್ಕೆ ಮಾತ್ರ ಬಂದದ್ದಾ?"

ಕುರಿ

ಅಜ್ಜಿಯ ಮಾತು ಚುಚ್ಚಿತು. ಬರೀ ಹೆದರಿಸಿದರೆ ಆಗದು ಅನಿಸಿ ಮತ್ತೆ ತಾಳಗುಂದದ ಹತ್ತಿರದ ಆ ಮೊದಲ ಊರಿಗೇ ಬಂದೆ. ಅಲ್ಲಿ ಎಲ್ಲದಕ್ಕೂ "ಆಯ್ತ್ರೀ" ಅನ್ನುತ್ತಿದ್ದರು. ಸಂಜೆ ಹೊಲದಲ್ಲಿ ಹೊಗೆ ಏಳುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಆ ಊರಲ್ಲಿ ಕುರಿ ಸಾಕುವ ಹೆಂಗಸೊಬ್ಬರಿದ್ದರು. ಕೊಯ್ಲಾದ ಮೇಲೆ ಅವರ ಕುರಿಮಂದೆಯನ್ನು ರಾತ್ರಿ ಹೊಲದಲ್ಲಿ ಮಲಗಿಸಿಕೊಂಡರೆ ಒಳ್ಳೆಯ ಗೊಬ್ಬರ. ಅದಕ್ಕೆ ರೈತರು ನಾ ಮುಂದು ತಾ ಮುಂದು ಎಂದು ಅವರ ಮನೆಗೆ ಎಡತಾಕುತ್ತಾರೆ. ನಾನೂ ಹೋಗಿ ಕೂತು ಗೋಳು ಹೇಳಿಕೊಂಡೆ. ಬೂದಿಯಲ್ಲಿ ಮಲಗಿ ಮರಿಗಳು ಕೆಮ್ಮುತ್ತಿವೆ ಎಂದು ಅವರಿಗೂ ಸಿಟ್ಟಿತ್ತು.

"ಸುಟ್ಟ ಹೊಲದಾಗ ಇನ್ನ ನನ್ನ ಕುರಿ ಮಲಗಂಗಿಲ್ಲ" ಅಂದರು. ಅಷ್ಟೇ. ಆ ಸುಗ್ಗಿಯಲ್ಲಿ ಊರಲ್ಲಿ ಮತ್ತೆ ಒಬ್ಬರೂ ಕಡ್ಡಿ ಗೀರಲಿಲ್ಲ.

ಅಧಿಕಾರಿ ಕ್ಯಾಮೆರಾ ಸಮೇತ ನೋಡಲು ಬಂದರು. ಬೆಂಕಿ ಯಾಕೆ ಬಿಟ್ಟಿರಿ ಎಂದು ಕೇಳಿದರೆ ಏನು ಹೇಳಬೇಕೆಂದು ಆ ದೊಡ್ಡ ರೈತರಿಗೆ ಮೊದಲೇ ಬಾಯಿಪಾಠ ಮಾಡಿಸಿದ್ದೆ. ಹವಾಮಾನ, ಇಂಗಾಲ, ಮುಂದಿನ ಪೀಳಿಗೆ ಎಂದು ಅವರು ಚೆನ್ನಾಗಿಯೇ ಶುರು ಮಾಡಿದರು. ಅಷ್ಟರಲ್ಲಿ ಕುರಿ ಸಾಕುವ ಆ ಹೆಂಗಸು ಬಂದು ಎದುರಿಗೆ ನಿಂತರು. ರೈತರು ಪಾಠವನ್ನು ಅಲ್ಲಿಗೇ ಬಿಟ್ಟು ಅಧಿಕಾರಿಗೆ ಕೈಮುಗಿದರು.

"ಸುಳ್ಳು ಯಾಕ್ರೀ ಸಾಹೇಬ್ರ. ಭೂಮಿ ಬಿಸಿ ಆದ್ರ ಮೊಮ್ಮಕ್ಕಳು ನೋಡ್ಕೊಂತಾರ. ಈ ಅವ್ವಗ ಸಿಟ್ಟು ಬಂದ್ರ ನಾಳೇನ ನಾವು ನೋಡಬೇಕು."

ಕಾರ್ಯಕ್ರಮ ಮುಗಿದೇ ಹೋಯಿತು ಎಂದು ನಾನು ತಲೆ ತಗ್ಗಿಸಿದೆ. ಅಧಿಕಾರಿ ನನ್ನ ಕಡೆ ತಿರುಗಿದರು.

"ಕಾರ್ಯಕ್ರಮ ಮುಂದುವರಿಸೋಣ ಮೇಡಂ. ಆದರೆ ಮುಂದಿನ ಊರಲ್ಲಿ ನೀವು ಮಾತಾಡಬೇಡಿ."