ಅರ್ಧ ಲೋಟ ಕಾಫಿ, ಒಂದು ಬೋರ್ಡು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ, ಒಂಬತ್ತನೇ ಕ್ಲಾಸಿಗೆ. ಅಂದಿನಿಂದ ಹೊಂಗಡಹಳ್ಳದಲ್ಲಿ ಮೋಟರ್ ವೈಂಡಿಂಗ್ ಮಾಡಿಕೊಂಡಿದ್ದೇನೆ. ನನಗೊಂದು ಹೆಮ್ಮೆಯಿದೆ, ಮುಚ್ಚಿಡುವುದೇಕೆ: ಹಿಡಿದ ಕೆಲಸ ಮುಗಿಸದೆ ಇನ್ನೊಂದಕ್ಕೆ ಕೈ ಹಾಕಿದವನಲ್ಲ. ನನ್ನ ಹೆಂಡತಿ ಸಾವಿತ್ರಿ ಇದಕ್ಕೆ ತದ್ವಿರುದ್ಧ. ಸೊಪ್ಪು ಅರ್ಧ ಬಿಡಿಸಿ ಹಸುವಿನ ಕಡೆ, ಹಸುವಿಗೆ ಹುಲ್ಲು ಹಾಕುತ್ತ ಹಾಕುತ್ತ ಒಲೆಯ ಕಡೆ. ಮದುವೆಯಾದಾಗಿನಿಂದ ಈ ಬಗ್ಗೆ ಉಪದೇಶ ಮಾಡುತ್ತಿದ್ದೇನೆ. ಅದನ್ನೂ ಅವಳು ಅರ್ಧಕ್ಕೇ ಬಿಟ್ಟು ಹೋಗುತ್ತಾಳೆ.

ಕಳೆದ ವರ್ಷ ನನಗೊಂದು ಹುಚ್ಚು ಹಿಡಿಯಿತು. ಕೆರೆಯ ನೀರು ತಳ ಮುಟ್ಟಿದರೆ ಮೋಟರನ್ನು ತಾನೇ ನಿಲ್ಲಿಸುವ ಬೋರ್ಡು ಮಾಡಬೇಕು. ಅದರ ಎಲೆಕ್ಟ್ರಾನಿಕ್ ಚಿಪ್ ಒಳಗೆ ಕೂತು ಕೆಲಸಗಳಿಗೆ ಸರದಿ ಹಂಚುವ ಮೇಸ್ತ್ರಿಯನ್ನು, ಅಂದರೆ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್ಮನ್ನು, ನಾನೇ ಬರೆಯಬೇಕು. ಬರೆದಿಟ್ಟದ್ದು ಪುಕ್ಕಟೆ ಸಿಗುತ್ತದಂತೆ. ಆದರೆ ಬೇರೆಯವರು ಮಾಡಿದ ವೈಂಡಿಂಗನ್ನು ನನ್ನದೆಂದು ಹೇಳಿಕೊಂಡವನಲ್ಲ ನಾನು. ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಬರೆದೆ. ಮೇಸ್ತ್ರಿಗೆ ನನ್ನ ನಿಯಮವನ್ನೇ ಕಲಿಸಿದೆ: ಒಂದು ಕೆಲಸ ಪೂರ್ತಿ ಮುಗಿಯಲಿ, ಆಮೇಲೆ ಇನ್ನೊಂದು.

ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಸಮಯ. ಭಾಮೈದ ಲೋಕೇಶ ತನ್ನ ತೋಟದ ಒಂದೇ ಒಂದು ಮೋಟರನ್ನು ನನ್ನ ಬೋರ್ಡಿನ ಕೈಗೆ ಒಪ್ಪಿಸಿದ. ನೀರಿಲ್ಲದೆ ಓಡಿ ಅದು ಸುಟ್ಟರೆ ಆ ವರ್ಷದ ಹೂವು ಅಷ್ಟಕ್ಕೇ. ಮೋಟರ್ ಶುರುವಾಯಿತು. ಪಂಪ್‌ಹೌಸಿನ ಮುಂದೆ ಕೂತು ನಾನು ಬೋರ್ಡಿನ ಗುಣಗಾನ ಮಾಡುತ್ತಿದ್ದೆ, ಸಾವಿತ್ರಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದಳು. ಇದ್ದಕ್ಕಿದ್ದಂತೆ ಅರ್ಧ ತುಂಬಿದ ಲೋಟ ಕೆಳಗಿಟ್ಟು ಒಳಗೆ ಓಡಿದಳು.

“ನೋಡ್ದೇನೋ, ಕಾಫೀನೂ ಅರ್ಧಕ್ಕೇ ಬಿಟ್ಬುಟ್ಲು ನಿಮ್ಮಕ್ಕ,” ಎಂದೆ ಲೋಕೇಶನಿಗೆ.

ಮೋಟರ್ ನಿಂತಿತು. ಸ್ವಿಚ್ ಆರಿಸಿ ಅವಳು ಬಾಗಿಲಿಗೆ ಬಂದಳು. “ಸದ್ದು ಬದಲಾಗಿದ್ದು ಕೇಳ್ಸಲಿಲ್ವೇನ್ರೀ? ನೀರು ಮುಗ್ದು ಬರೀ ಗಾಳಿ ಎಳೀತಾ ಇತ್ತು. ಕಾಫಿ ಆರಿದ್ರೆ ಬಿಸಿ ಮಾಡ್ಕಬೋದು. ಮೋಟರ್ ಸುಟ್ಟೋದ್ರೆ?”

“ಭಾವ, ನಿಮ್ ಬೋರ್ಡು ಎತ್ಲಾಗೋಗಿತ್ತು?” ಎಂದ ಲೋಕೇಶ.

ಬೋರ್ಡು ಎಲ್ಲಿಗೂ ಹೋಗಿರಲಿಲ್ಲ. ಮೋಟರ್ ಶುರುವಾಗಿದೆ ಎಂಬ ಮೆಸೇಜನ್ನು ಲೋಕೇಶನ ಫೋನಿಗೆ ಕಳಿಸಲು ನೆಟ್‌ವರ್ಕಿಗಾಗಿ ಕಾಯುತ್ತಿತ್ತು. ಬಿಸಿಲೆ ಘಾಟಿ ಕಡೆಯ ಆ ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಬಂದದ್ದೇ ಇಲ್ಲ. ಹಿಡಿದ ಕೆಲಸ ಬಿಡಬಾರದೆಂದು ನೀರಿನ ಕಡೆ ತಿರುಗಿಯೂ ನೋಡದೆ ಕೂತಿತ್ತು, ಥೇಟ್ ನನ್ನ ಹಾಗೆ.

ಮೇಸ್ತ್ರಿಯನ್ನು ಮತ್ತೆ ಮೊದಲಿನಿಂದ ಬರೆದೆ. ನೀರು ಮುಗಿಯಿತೆಂದು ಕೂಗು ಬಂದರೆ ಕೈಲಿರುವುದನ್ನು ಅರ್ಧಕ್ಕೆ ಬಿಟ್ಟು ಓಡು, ಆಮೇಲೆ ಬಂದು ಬಿಟ್ಟಲ್ಲಿಂದ ಹಿಡಿ. ಈ ನಿಯಮ ಎಲ್ಲಿಂದ ಬಂತೆಂದು ಸಾವಿತ್ರಿ ಕೇಳಿಲ್ಲ, ನಾನೂ ಹೇಳಿಲ್ಲ. ಈಗ ಒಳಗಿನಿಂದ ಕರೆಯುತ್ತಿದ್ದಾಳೆ. ಇದನ್ನು ಬರೆದು ಮುಗಿಸಿ ಬಂದೆ ಎಂದಿದ್ದೇನೆ. ಸದ್ಯ ನಮ್ಮ ಕುಟುಂಬದಲ್ಲಿ ಇರುವುದಿಷ್ಟು: ಸುಡದೆ ಉಳಿದ ಮೋಟರು ಒಂದು, ಕೂಗಿದ ಕೂಡಲೇ ಏಳುವ ಬೋರ್ಡು ಒಂದು, ಮೂರನೇ ಕೂಗಿಗೂ ಏಳದ ಗಂಡ ಒಬ್ಬ.